ಠಾಣೆಯ ಪುಸ್ತಕ, ಶಾಲೆಯ ಪುಸ್ತಕ



ಮೊನ್ನೆ ನನ್ನ ಮೊಮ್ಮಗನು ಒಂದು ಅಪರಾಧ ಚಿತ್ರವನ್ನು ನೋಡುತ್ತಿದ್ದನು. ದೇಶದಲ್ಲಿ ರಾಜಕೀಯ ಕ್ಷೋಭೆ. ಲಂಚಕೋರ ಪೊಲೀಸ್ ಅಧಿಕಾರಿ. ಕಾಣೆಯಾದ ಒಬ್ಬ ಮನುಷ್ಯ. ನಡುವೆ ನನ್ನತ್ತ ತಿರುಗಿ, "ಅಜ್ಜಾ, ಹಿಂಗ ಖರೇನ ಆಗತೈತೇನು?" ಎಂದು ಕೇಳಿದನು. ನಾನು ಆಗ ಉತ್ತರಿಸಲಿಲ್ಲ. ಆ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ವಿದ್ಯಾರ್ಥಿಯಾಗಿದ್ದಾಗ ಹಳೆಯ ಬಾಗಲಕೋಟೆಯಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಬಾಡಿಗೆಗೆ ತಂದು ಓದುತ್ತಿದ್ದೆ. ಅವುಗಳಲ್ಲಿ ಅಪರಾಧಿಯು ಠಾಣೆಯನ್ನು ಸೇರಿದನೆಂದರೆ ಕಥೆ ಮುಗಿಯುತ್ತಿತ್ತು. ಕಥೆಯು ಠಾಣೆಯೊಳಗಿನಿಂದಲೇ ಆರಂಭವಾಗಬಹುದೆಂದು ತಿಳಿದದ್ದು ತುರ್ತುಪರಿಸ್ಥಿತಿಯ ಕಾಲದಲ್ಲಿ.

1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಘೋಷಣೆಯಾಯಿತು. ಮರುದಿನವೇ ಬೆಂಗಳೂರಿನಲ್ಲಿ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಮುಂತಾದವರು ಬಂಧಿತರಾದರು. ನಮ್ಮ ರಾಜ್ಯದಲ್ಲಿ ಅದರ ಉಗ್ರತೆ ಉತ್ತರ ಭಾರತದಷ್ಟಿರಲಿಲ್ಲವೆಂದು ಹೇಳುವವರಿದ್ದಾರೆ. ದೇವರಾಜ ಅರಸರ ಭೂಸುಧಾರಣೆಯಿಂದ ಬಡವರಿಗೆ ಅನುಕೂಲವಾದದ್ದೂ ನಿಜ. 1977ರ ಚುನಾವಣೆಯಲ್ಲಿ ಉತ್ತರದಲ್ಲಿ ನೆಲಕಚ್ಚಿದ ಕಾಂಗ್ರೆಸ್ ಪಕ್ಷವು ಇಲ್ಲಿ 28 ಸ್ಥಾನಗಳಲ್ಲಿ 26ನ್ನು ಗೆದ್ದುಕೊಂಡಿತು. ಆದರೆ ಠಾಣೆಗಳ ಒಳಗೆ ನಡೆದದ್ದನ್ನು ಈ ಅಂಕಿಗಳು ಹೇಳುವುದಿಲ್ಲ.

1976ರ ಏಪ್ರಿಲ್ 28ರಂದು ಸರ್ವೋಚ್ಚ ನ್ಯಾಯಾಲಯವು ಜಬಲ್‌ಪುರ ಪ್ರಕರಣದಲ್ಲಿ ತೀರ್ಪು ನೀಡಿತು. ಐವರು ನ್ಯಾಯಮೂರ್ತಿಗಳಲ್ಲಿ ಎಚ್.ಆರ್. ಖನ್ನಾ ಅವರೊಬ್ಬರನ್ನುಳಿದು ಮಿಕ್ಕ ನಾಲ್ವರು, ತುರ್ತುಪರಿಸ್ಥಿತಿಯಲ್ಲಿ ಬಂಧಿತನು ತನ್ನ ಬಂಧನವನ್ನು ಹೈಕೋರ್ಟಿನಲ್ಲಿ ಪ್ರಶ್ನಿಸುವಂತಿಲ್ಲವೆಂದರು. ಮೂರೇ ದಿನಗಳ ಅನಂತರ, ಮೇ 1ರ ರಾತ್ರಿ, ಬೆಂಗಳೂರಿನ ಪೊಲೀಸರು ಜಾರ್ಜ್ ಫರ್ನಾಂಡಿಸರ ತಮ್ಮ ಲಾರೆನ್ಸ್ ಫರ್ನಾಂಡಿಸರನ್ನು ಮನೆಯಿಂದ ಕರೆದೊಯ್ದರು. ಭೂಗತರಾಗಿದ್ದ ಅಣ್ಣನ ಸುಳಿವು ಪೊಲೀಸರಿಗೆ ಬೇಕಾಗಿತ್ತು. ಬಂಧಿತನನ್ನು 24 ಗಂಟೆಗಳೊಳಗಾಗಿ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂಬುದು ನಿಯಮ. ಇಲ್ಲಿ ದಿನಗಳೇ ಉರುಳಿದವು. ಮಗನೆಲ್ಲಿರುವನೆಂಬುದೇ ಮನೆಯವರಿಗೆ ತಿಳಿಯಲಿಲ್ಲ. ಕೊನೆಗೆ ಸೆರೆಮನೆ ಸೇರಿದಾಗ ಅವರು ನಡೆಯಲಾರದ ಸ್ಥಿತಿಯಲ್ಲಿದ್ದರು. ತಾಯಿ ಆಲಿಸ್ ಅವರು ರಾಷ್ಟ್ರಪತಿಗಳಿಗೆ ಪತ್ರ ಬರೆದು ಮಗನಿಗೆ ಕೊಟ್ಟ ಚಿತ್ರಹಿಂಸೆಯನ್ನು ವಿವರಿಸಿದರು.

ಮೇ 2ರಂದು 'ಸಂಸ್ಕಾರ' ಚಿತ್ರದ ಚಂದ್ರಿಯಾಗಿ ನಾವೆಲ್ಲ ಬಲ್ಲ ಸ್ನೇಹಲತಾ ರೆಡ್ಡಿಯವರು ಬಂಧಿತರಾದರು. ಬರೋಡಾ ಡೈನಮೈಟ್ ಪ್ರಕರಣದ ಅಂತಿಮ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ, ಆದರೂ ಬಿಡಲಿಲ್ಲ. ಉಬ್ಬಸದ ರೋಗಿಯಾದ ಆಕೆ ಎಂಟು ತಿಂಗಳು ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ನರಳಿ, 1977ರ ಜನವರಿ 15ರಂದು ಪೆರೋಲಿನ ಮೇಲೆ ಹೊರಬಂದು, 20ರಂದು ತೀರಿಕೊಂಡರು.

ಕೇರಳದಲ್ಲಿ ರಾಜನ್ ಎಂಬ ಎಂಜಿನಿಯರಿಂಗ್ ವಿದ್ಯಾರ್ಥಿಯನ್ನು 1976ರ ಮಾರ್ಚ್ 1ರಂದು ಪೊಲೀಸರು ಒಯ್ದರು. ಅವನ ಶವವೂ ಮನೆಯವರಿಗೆ ಸಿಗಲಿಲ್ಲ. ತಂದೆ ಈಚರ ವಾರಿಯರ್ ಹಿಂದಿ ಅಧ್ಯಾಪಕರು, ನಮ್ಮ ವೃತ್ತಿಯವರೇ. ತುರ್ತುಪರಿಸ್ಥಿತಿ ತೆರವಾದೊಡನೆ ಅವರು ಹೈಕೋರ್ಟಿನ ಮೊರೆಹೊಕ್ಕರು. ರಾಜನ್ ಬಂಧಿತನೇ ಆಗಿರಲಿಲ್ಲವೆಂದು ಸರಕಾರವು ವಾದಿಸಿತು. ಆ ಮಾತು ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಮುಖ್ಯಮಂತ್ರಿ ಕರುಣಾಕರನ್ 1977ರ ಏಪ್ರಿಲಿನಲ್ಲಿ ರಾಜೀನಾಮೆ ನೀಡಬೇಕಾಯಿತು.

ಇವೆಲ್ಲ ದೂರದ ಸಂಗತಿಗಳು. ಇನ್ನು ನಮ್ಮ ಕಡೆಯದನ್ನು ಹೇಳಬೇಕು.

1976ರ ಜನವರಿ. ನಾನು ಆಗ ಹುನಗುಂದ ತಾಲ್ಲೂಕಿನ ಒಂದು ಶಾಲೆಯಲ್ಲಿದ್ದೆ. ಮುಖ್ಯೋಪಾಧ್ಯಾಯರು ಬಾದಾಮಿಯ ಬನಶಂಕರಿ ಜಾತ್ರೆಗೆಂದು ರಜೆಯ ಮೇಲೆ ಹೋಗಿದ್ದರು. ಶಿಕ್ಷಕರ ಹಾಜರಿ ಪುಸ್ತಕ ನನ್ನ ವಶದಲ್ಲಿತ್ತು. ಗಣಿತ ಕಲಿಸುತ್ತಿದ್ದ ನನ್ನ ಸಹೋದ್ಯೋಗಿ ಮಿತ್ರರೊಬ್ಬರ ಚೀಲದಲ್ಲಿ ಸರಕಾರದ ವಿರುದ್ಧದ ಒಂದು ಕರಪತ್ರ ಸಿಕ್ಕಿತೆಂದು ಪೊಲೀಸರು ಅವರನ್ನು ಸಂಜೆ ಕರೆದೊಯ್ದರು. ಮರುದಿನ ಅವರ ಪತ್ನಿಯೊಡನೆ ನಾನೂ ಠಾಣೆಗೆ ಹೋದೆ. ಆಕೆ ಇಳಕಲ್ಲಿನ ನೇಕಾರರ ಮನೆಯ ಹೆಣ್ಣುಮಗಳು. ರೈಟರು ಪುಸ್ತಕವನ್ನು ನಮ್ಮೆದುರಿಗೇ ತೆರೆದು ಬೆರಳಾಡಿಸಿ, "ಆ ಹೆಸರಿನವ್ರು ಇಲ್ಲಿ ಯಾರೂ ಇಲ್ರೀ ಮಾಸ್ತರ" ಎಂದರು. ಅಷ್ಟರಲ್ಲಿ ಒಳಗಿನಿಂದ ಕೆಮ್ಮು ಕೇಳಿಸಿತು. ಏಳು ವರ್ಷ ಪಕ್ಕದ ಕೊಠಡಿಯಿಂದ ಕೇಳಿದ ಕೆಮ್ಮು ಅದು. ಆಕೆ ನನ್ನ ಮುಖ ನೋಡಿದಳು. ನಾನು ಬಾಗಿಲ ಕಡೆ ತಿರುಗಿದೆ.

ನಾಲ್ಕನೆಯ ದಿನ ಅವರು ಮನೆಗೆ ಬಂದರು. ಅದಕ್ಕೆ ಮೊದಲು ಆಕೆಯ ಕೈಬಳೆಗಳು ಇಳಕಲ್ಲಿನಲ್ಲಿ ಒತ್ತೆ ಬಿದ್ದಿದ್ದವು. ಠಾಣೆಯ ಪುಸ್ತಕದಲ್ಲಿ ಬಂಧನವಿಲ್ಲ, ಬಿಡುಗಡೆಯಿಲ್ಲ, ಹಣವಂತೂ ಇಲ್ಲವೇ ಇಲ್ಲ.

ನಾನೇನು ಮಾಡಿದೆ? ಬಂಧನದ ಸುದ್ದಿ ಇಲಾಖೆಗೆ ಮುಟ್ಟಿದರೆ ಅವರ ನೌಕರಿಗೆ ಕುತ್ತು ಬರುವುದೆಂದು ಹೆದರಿ, ಹಾಜರಿ ಪುಸ್ತಕದಲ್ಲಿ ಆ ದಿನಗಳಿಗೆಲ್ಲ 'ಸಾಂದರ್ಭಿಕ ರಜೆ' ಎಂದು ಬರೆದೆ. ಅದನ್ನು ಉಪಕಾರವೆಂದೇ ಭಾವಿಸಿದ್ದೆ.

1977ರ ಮೇ ತಿಂಗಳಲ್ಲಿ ನ್ಯಾಯಮೂರ್ತಿ ಜೆ.ಸಿ. ಷಾ ಅವರ ಆಯೋಗ ನೇಮಕವಾಯಿತು. ದೇಶದಾದ್ಯಂತ ಒಂದು ಲಕ್ಷಕ್ಕೂ ಹೆಚ್ಚು ಜನರು ಸೆರೆಯಲ್ಲಿದ್ದರೆಂದು ಅದರ ವರದಿಯಿಂದ ತಿಳಿಯಿತು. ಆ ಲೆಕ್ಕವಾದರೂ ದಾಖಲೆಗೆ ಸಿಕ್ಕವರದು. ನನ್ನ ಮಿತ್ರರೂ ದೂರು ಬರೆದು, ಪುರಾವೆಗಾಗಿ ನನ್ನ ಬಳಿಗೆ ಬಂದರು. ಹಾಜರಿ ಪುಸ್ತಕವನ್ನು ತೆರೆದೆವು. ಅಲ್ಲಿ ಅವರು ರಜೆಯಲ್ಲಿದ್ದರು. ಪೊಲೀಸರ ಸುಳ್ಳಿಗೆ ನನ್ನ ಅಕ್ಷರವೇ ಸಾಕ್ಷಿಯಾಗಿತ್ತು. ಅವರು ಅರ್ಜಿಯನ್ನು ಮಡಚಿ ಜೇಬಿಗಿಟ್ಟುಕೊಂಡು, "ಇರ್ಲಿ ಬಿಡ್ರಿ ಸರ, ನೌಕರಿ ಉಳಿಸೀರಿ" ಎಂದರು. ಆ ಅರ್ಜಿ ಎಂದೂ ಹೋಗಲಿಲ್ಲ.

ಪೊಲೀಸ್ ಭ್ರಷ್ಟಾಚಾರವೆಂದರೆ ಲಂಚವೆಂದೇ ನಾವು ತಿಳಿಯುತ್ತೇವೆ. ಬಳೆಯ ಹಣ ಆಮೇಲಿನದು. ಮೊದಲನೆಯದು ಪುಸ್ತಕದ ಖಾಲಿ ಸಾಲು. ಅದು ಖಾಲಿಯಿದ್ದುದರಿಂದಲೇ ಹಣ ಕೇಳುವ ಧೈರ್ಯ ಅವರಿಗೆ ಬಂದಿತು. ಈ ಸತ್ಯವನ್ನು ನ್ಯಾಯಾಲಯಗಳೂ ನಿಧಾನವಾಗಿ ಕಂಡುಕೊಂಡವು. 1996ರ ಡಿ.ಕೆ. ಬಸು ತೀರ್ಪು, ಬಂಧನದ ದಿನಾಂಕ ಮತ್ತು ವೇಳೆಯನ್ನು ಬರೆದು ಸಾಕ್ಷಿಯ ಸಹಿ ಪಡೆಯಬೇಕು, ಬಂಧುಗಳಿಗೆ ತಿಳಿಸಬೇಕು ಎಂದಿತು. ಜಬಲ್‌ಪುರ ತೀರ್ಪನ್ನು 2017ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ತಳ್ಳಿಹಾಕಿತು. ಆ ಮೊಕದ್ದಮೆಯನ್ನು ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2020ರಲ್ಲಿ ಠಾಣೆಗಳಲ್ಲೆಲ್ಲ ಕ್ಯಾಮೆರಾ ಇರಬೇಕೆಂಬ ಆದೇಶವೂ ಬಂದಿತು.

ನನ್ನ ಮಿತ್ರರು ಈಗಿಲ್ಲ. ಬಳೆಗಳನ್ನು ಅವರು ಎರಡು ವರ್ಷಗಳ ಮೇಲೆ ಬಿಡಿಸಿಕೊಂಡರೆಂದು ಕೇಳಿದ್ದೇನೆ. ನಿಮ್ಮಲ್ಲಿ ಕೆಲವರು ಇಂದು ಕಚೇರಿಗಳಲ್ಲಿದ್ದೀರಿ, ಇಬ್ಬರು ಮೂವರು ಪೊಲೀಸ್ ಇಲಾಖೆಯಲ್ಲಿಯೂ ಇದ್ದೀರಿ. ನಿಮ್ಮ ಕೈಯಲ್ಲಿ ಒಂದಲ್ಲ ಒಂದು ಪುಸ್ತಕವಿದೆ. ಅದರಲ್ಲಿ ನಡೆದದ್ದನ್ನೇ ಬರೆಯಿರಿ.

ಮೊಮ್ಮಗನಿಗೆ ನಿನ್ನೆ ಹೇಳಿದೆ: "ಹೌದಪಾ, ಖರೇನ ಆಗತೈತಿ. ನಮ್ಮ ಸಾಲ್ಯಾಗೂ ಆಗಿತ್ತು."