ಹಳೆಯ ಸುರುಳಿ, ಹೊಸ ತಟ್ಟೆ



ಹಳಗನ್ನಡದ ಕಾವ್ಯವೊಂದನ್ನು ನೀವು ಇಂದು ಅಚ್ಚುಕಟ್ಟಾದ ಪುಸ್ತಕವಾಗಿ ಓದುತ್ತೀರಿ. ಅದು ಅಚ್ಚಿಗೆ ಹೋಗುವ ಮುನ್ನ ಸಂಪಾದಕರೊಬ್ಬರು ಹಲವು ಓಲೆಗರಿ ಪ್ರತಿಗಳನ್ನು ಎದುರಿಗಿಟ್ಟುಕೊಂಡು ವರ್ಷಗಟ್ಟಲೆ ಕುಳಿತಿರುತ್ತಾರೆ. ಒಂದು ಪ್ರತಿಯಲ್ಲಿ ಲಿಪಿಕಾರ ಒಂದು ಸಾಲನ್ನೇ ಬಿಟ್ಟಿರುತ್ತಾನೆ. ಇನ್ನೊಂದರಲ್ಲಿ ಅಕ್ಷರ ತಪ್ಪಿರುತ್ತದೆ. ಮತ್ತೊಂದಕ್ಕೆ ಹುಳು ಬಿದ್ದಿರುತ್ತದೆ. ಯಾವುದು ಮೂಲಕ್ಕೆ ಹತ್ತಿರ ಎಂದು ತೂಗಿ ನೋಡಿ ಪಾಠವನ್ನು ನಿರ್ಣಯಿಸಬೇಕು. ಹಾಗೆ ನಿರ್ಣಯಿಸಿದ್ದೇಕೆ ಎಂಬುದನ್ನು ಪೀಠಿಕೆಯಲ್ಲಿ ತಿಳಿಸಬೇಕು.

ಧ್ವನಿಮುದ್ರಿಕೆಗಳಿಗೂ ಇಂಥದೇ ಚರಿತ್ರೆ ಇದೆ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಹಳೆಯ ಆಲ್ಬಂಗಳು ಸಿ.ಡಿ. ರೂಪದಲ್ಲಿ ಮತ್ತೆ ಬಂದಾಗ ಅವುಗಳ ಮೇಲೆ 'ರೀಮಾಸ್ಟರ್ಡ್' ಎಂಬ ಪದ ಹೊಳೆಯುವುದನ್ನು ನೀವು ನೋಡಿರಬಹುದು. ಹೊಳಪು ಕೊಟ್ಟ ಹಳೆಯ ಪಾತ್ರೆ ಎಂಬಂತೆ ನಾವು ಅದನ್ನು ಅರ್ಥ ಮಾಡಿಕೊಳ್ಳುತ್ತೇವೆ. ಆದರೆ ಆ ಪದದ ಹಿಂದೆ ಒಬ್ಬ ಸಂಪಾದಕ, ಒಂದು ಮಾತೃಪ್ರತಿ, ಕೆಲವು ಪಾಠಾಂತರಗಳು ಇರುತ್ತವೆ. ಒಂದೇ ಒಂದು ಆಲ್ಬಮ್ಮಿನ ಕಥೆಯಿಂದ ಇದನ್ನು ತಿಳಿಯೋಣ.

ಎರಡು ದಿನ, ಎರಡು ಯಂತ್ರ

ಅಮೆರಿಕದ ನ್ಯೂಯಾರ್ಕ್ ನಗರದ 30ನೆಯ ಬೀದಿಯಲ್ಲಿ ಹಿಂದೆ ಚರ್ಚಾಗಿದ್ದ ಒಂದು ಕಟ್ಟಡವಿತ್ತು. ಕೊಲಂಬಿಯಾ ರೆಕಾರ್ಡ್ಸ್ ಸಂಸ್ಥೆ ಅದನ್ನು ಧ್ವನಿಮುದ್ರಣ ಶಾಲೆಯಾಗಿ ಬಳಸುತ್ತಿತ್ತು. ಎತ್ತರದ ಛಾವಣಿಯ ಆ ವಿಶಾಲ ಕೊಠಡಿಯಲ್ಲಿ 1959ರ ಮಾರ್ಚ್ 2 ಮತ್ತು ಏಪ್ರಿಲ್ 22ರಂದು ತುತ್ತೂರಿ ವಾದಕ ಮೈಲ್ಸ್ ಡೇವಿಸ್ ತನ್ನ ತಂಡದೊಡನೆ ಐದು ರಚನೆಗಳನ್ನು ನುಡಿಸಿದ. ಸ್ಯಾಕ್ಸೊಫೋನಿನಲ್ಲಿ ಜಾನ್ ಕೋಲ್ಟ್ರೇನ್ ಮತ್ತು ಕ್ಯಾನನ್‌ಬಾಲ್ ಆ್ಯಡರ್ಲಿ, ಪಿಯಾನೊದಲ್ಲಿ ಬಿಲ್ ಇವಾನ್ಸ್ ಮತ್ತು ಒಂದು ರಚನೆಗೆ ಮಾತ್ರ ವಿಂಟನ್ ಕೆಲಿ, ಬಾಸ್‌ನಲ್ಲಿ ಪಾಲ್ ಚೇಂಬರ್ಸ್, ಡ್ರಮ್ಸ್‌ನಲ್ಲಿ ಜಿಮ್ಮಿ ಕಾಬ್ ಇದ್ದರು. ಅದೇ ವರ್ಷದ ಆಗಸ್ಟ್‌ನಲ್ಲಿ ಹೊರಬಂದ ಈ ಆಲ್ಬಮ್ಮಿನ ಹೆಸರು 'ಕೈಂಡ್ ಆಫ್ ಬ್ಲೂ'. ಜಾಜ್ ಸಂಗೀತದಲ್ಲಿ ಇದರಷ್ಟು ಮಾರಾಟವಾದ, ಇದರಷ್ಟು ಅಭ್ಯಾಸಕ್ಕೆ ಒಳಗಾದ ಆಲ್ಬಂಗಳು ಬಹಳ ಕಡಿಮೆ. 2002ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಧ್ವನಿಮುದ್ರಿಕೆಗಳ ರಾಷ್ಟ್ರೀಯ ಪಟ್ಟಿಯನ್ನು ಆರಂಭಿಸಿದಾಗ ಮೊದಲ ವರ್ಷವೇ ಇದು ಸೇರಿತು.

ಮಾರ್ಚ್ 2ರಂದು ಆ ಕೊಠಡಿಯ ಪಕ್ಕದಲ್ಲಿ ಎರಡು ಟೇಪ್ ಯಂತ್ರಗಳು ಒಟ್ಟಿಗೆ ಓಡುತ್ತಿದ್ದವು. ಒಂದು ಮುಖ್ಯ ಯಂತ್ರ. ಇನ್ನೊಂದು, ಮೊದಲನೆಯದು ಕೈಕೊಟ್ಟರೆ ಇರಲಿ ಎಂದು ಇಟ್ಟ ಕಾಪು ಯಂತ್ರ. ಎರಡೂ ಒಂದೇ ಸಂಗೀತವನ್ನು ಒಂದೇ ಕ್ಷಣದಲ್ಲಿ ಮುದ್ರಿಸಿಕೊಂಡವು. ಆದರೆ ಮುಖ್ಯ ಯಂತ್ರ ತುಸು ನಿಧಾನವಾಗಿ ತಿರುಗುತ್ತಿತ್ತು. ಅಂದು ಯಾರಿಗೂ ಅದು ತಿಳಿಯಲಿಲ್ಲ. ಆಲ್ಬಮ್ಮಿನ ಮೊದಲ ಮಗ್ಗುಲಿನ ಮೂರೂ ರಚನೆಗಳು ಆ ಸುರುಳಿಯಿಂದಲೇ ತಟ್ಟೆಗೆ ಇಳಿದವು.

ಏರಿದ ಶ್ರುತಿ

ಇಲ್ಲಿ ಸ್ವಲ್ಪ ವಿಜ್ಞಾನ ಬೇಕು. ಟೇಪು ನಿಧಾನವಾಗಿ ಓಡಿದರೆ ಅದರ ಪ್ರತಿಯೊಂದು ಅಂಗುಲದಲ್ಲಿ ಇರಬೇಕಾದದ್ದಕ್ಕಿಂತ ಹೆಚ್ಚು ಕಂಪನಗಳು ಒತ್ತಾಗಿ ಕೂರುತ್ತವೆ. ಆ ಸುರುಳಿಯನ್ನು ಮುಂದೆ ಸರಿಯಾದ ವೇಗದ ಯಂತ್ರದಲ್ಲಿ ಓಡಿಸಿದಾಗ ಸೆಕೆಂಡಿಗೆ ಹೆಚ್ಚು ಕಂಪನಗಳು ಹೊರಬರುತ್ತವೆ. ಅಂದರೆ ಸಂಗೀತ ವೇಗವಾಗುತ್ತದೆ, ಶ್ರುತಿ ಮೇಲೇರುತ್ತದೆ. ಉದಾಹರಣೆಗೆ, ಮುದ್ರಣದ ವೇಗದಲ್ಲಿ ಶೇಕಡಾ 1ರಷ್ಟು ಕೊರತೆಯಿದ್ದರೆ 440 ಕಂಪನಗಳ ಸ್ವರ ಸುಮಾರು 444 ಆಗಿ ಕೇಳುತ್ತದೆ. ಹತ್ತು ನಿಮಿಷದ ರಚನೆ ಸುಮಾರು 6 ಸೆಕೆಂಡು ಬೇಗ ಮುಗಿಯುತ್ತದೆ. ಒಂದು ಸ್ವರಸ್ಥಾನದಿಂದ ಮುಂದಿನ ಸ್ವರಸ್ಥಾನಕ್ಕೆ ಇರುವ ಅಂತರ ಸುಮಾರು ಶೇಕಡಾ 6. ಈ ಆಲ್ಬಮ್ಮಿನಲ್ಲಿ ಆದ ಏರಿಕೆ ಅದಕ್ಕಿಂತ ಎಷ್ಟೋ ಕಡಿಮೆ. ಸುಮ್ಮನೆ ಕುಳಿತು ಕೇಳುವವರಿಗೆ ಅದು ಗೊತ್ತಾಗುವುದೇ ಇಲ್ಲ.

ಆದರೆ ಜೊತೆಗೆ ನುಡಿಸಲು ಹೊರಟವರಿಗೆ ಗೊತ್ತಾಗುತ್ತದೆ. ತಂಬೂರಿಯ ಶ್ರುತಿಗೂ ಹಾಡುವವರ ಶ್ರುತಿಗೂ ಕೂದಲೆಳೆಯ ವ್ಯತ್ಯಾಸವಿದ್ದರೆ ಕಿವಿಗೆ ಹೇಗೆ ಇರುಸುಮುರುಸಾಗುತ್ತದೋ ಹಾಗೆ. ಈ ತಟ್ಟೆಯನ್ನು ಗುರುವೆಂದು ಇಟ್ಟುಕೊಂಡು ಅಭ್ಯಾಸ ಮಾಡಿದವರ ವಾದ್ಯ ಅದರೊಡನೆ ಹೊಂದಬೇಕಾದರೆ ಶ್ರುತಿಯನ್ನು ತುಸು ಏರಿಸಲೇಬೇಕಿತ್ತು. ಪಿಯಾನೊ ನುಡಿಸುವವರಿಗಂತೂ ಆ ದಾರಿಯೂ ಇರಲಿಲ್ಲ. ಒಂದು ತಪ್ಪು ಪಾಠವೇ ಮೂವತ್ತಮೂರು ವರ್ಷ ಪ್ರಮಾಣ ಪಾಠವಾಗಿ ನಡೆಯಿತು.

ಸಿ.ಡಿ. ಬಂದಾಗ

1982ರ ಅಕ್ಟೋಬರ್‌ನಲ್ಲಿ ಜಪಾನಿನಲ್ಲಿ ಕಾಂಪ್ಯಾಕ್ಟ್ ಡಿಸ್ಕ್ ಮಾರುಕಟ್ಟೆಗೆ ಬಂತು. ಫಿಲಿಪ್ಸ್ ಮತ್ತು ಸೋನಿ ಸಂಸ್ಥೆಗಳು ಸೇರಿ ರೂಪಿಸಿದ ಈ 12 ಸೆಂಟಿಮೀಟರ್ ತಟ್ಟೆಯಲ್ಲಿ ಶಬ್ದವನ್ನು ಸೆಕೆಂಡಿಗೆ 44,100 ಬಾರಿ ಅಳೆದು, ಪ್ರತಿ ಅಳತೆಯನ್ನೂ 65,536 ಮಟ್ಟಗಳಲ್ಲಿ ಒಂದನ್ನಾಗಿ ಅಂಕೆಯಲ್ಲಿ ಬರೆದಿಡುತ್ತಾರೆ. ಮುಳ್ಳು ಉಜ್ಜುವುದಿಲ್ಲ, ಚಟಪಟ ಸದ್ದಿಲ್ಲ, ಪ್ರತಿ ತೆಗೆದರೆ ಸವೆಯುವುದಿಲ್ಲ. ಹಳೆಯ ಸಂಗೀತವೆಲ್ಲ ಇನ್ನು ಮೂಲದಂತೆಯೇ ಕೇಳುತ್ತದೆ ಎಂದು ಜನ ನಂಬಿದರು.

ಇಲ್ಲೊಂದು ಸೂಕ್ಷ್ಮವಿದೆ. ಅಂಕೆಗಳು ಸುಳ್ಳು ಹೇಳುವುದಿಲ್ಲ, ನಿಜ. ಆದರೆ ಕೊಟ್ಟದ್ದನ್ನು ಮಾತ್ರ ಅವು ನಿಷ್ಠೆಯಿಂದ ಬರೆದುಕೊಳ್ಳುತ್ತವೆ. ಮೊದಮೊದಲು ಅವಸರದಲ್ಲಿ ಸಿ.ಡಿ. ಮಾಡುವಾಗ ಎಷ್ಟೋ ಕಡೆ ಕಪಾಟಿನಲ್ಲಿ ಕೈಗೆ ಸಿಕ್ಕಿದ ಸುರುಳಿಯನ್ನೇ ಬಳಸಿದರು. ಅದು ಮೂಲದ ಪ್ರತಿಯ ಪ್ರತಿ ಆಗಿರಬಹುದು, ಎಲ್.ಪಿ. ತಟ್ಟೆಗೆಂದೇ ಮಂದ್ರ ಸ್ವರಗಳನ್ನು ತಗ್ಗಿಸಿದ ಸುರುಳಿಯೂ ಆಗಿರಬಹುದು. 'ಕೈಂಡ್ ಆಫ್ ಬ್ಲೂ' ಮೊದಲು ಸಿ.ಡಿ. ಆದಾಗ ಏರಿದ ಶ್ರುತಿಯೂ ಒಂದಿನಿತೂ ಸವೆಯದೆ ಅದರೊಳಗೆ ಹೋಯಿತು.

1988ರಲ್ಲಿ ಕೊಲಂಬಿಯಾದ ಒಡೆತನ ಸೋನಿ ಸಂಸ್ಥೆಗೆ ಬಂತು. 1992ರಲ್ಲಿ ಈ ಆಲ್ಬಮ್ಮನ್ನು ಚಿನ್ನದ ಲೇಪದ ವಿಶೇಷ ಸಿ.ಡಿ.ಯಾಗಿ ತರಲು ಹೊರಟಾಗ ಕಾಪು ಯಂತ್ರದ ಸುರುಳಿಯನ್ನು ಹೊರತೆಗೆದರು. ಅದು ಸರಿಯಾದ ವೇಗದಲ್ಲಿತ್ತು! ಆ ಸಂಗೀತಗಾರರು ಅಂದು ನುಡಿಸಿದ ಶ್ರುತಿ ಮೊದಲ ಬಾರಿಗೆ ಜನರಿಗೆ ಕೇಳಿಸಿದ್ದು ಹೀಗೆ. ಅಷ್ಟರಲ್ಲಿ ಮೈಲ್ಸ್ ಡೇವಿಸ್ ತೀರಿಕೊಂಡು ಒಂದು ವರ್ಷವಾಗಿತ್ತು.

1997ರಲ್ಲಿ ಮಾರ್ಕ್ ವೈಲ್ಡರ್ ಎಂಬ ತಂತ್ರಜ್ಞರು ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಹೋದರು. ಎಡ, ಬಲ, ನಡು ಎಂದು ಮೂರು ಪಟ್ಟಿಗಳಲ್ಲಿ ಮುದ್ರಿಸಿದ ಮೂಲ ಸುರುಳಿಗಳನ್ನು, ಅಂದಿನ ಕಾಲದಂತೆ ನಿರ್ವಾತ ನಳಿಕೆಗಳಿದ್ದ ಯಂತ್ರದಲ್ಲಿ ಓಡಿಸಿ, ಹೊಸದಾಗಿ ಮಿಶ್ರಣ ಮಾಡಿದರು. ಇಲ್ಲಿ ಎರಡು ಪದಗಳನ್ನು ಬೇರೆ ಮಾಡಿ ತಿಳಿಯಿರಿ. ಬೇರೆ ಬೇರೆ ಪಟ್ಟಿಗಳನ್ನು ಹದವಾಗಿ ಕೂಡಿಸುವುದು ಮಿಕ್ಸಿಂಗ್. ಕೂಡಿಸಿದ್ದನ್ನು ತಟ್ಟೆಗೆ ತಕ್ಕಂತೆ ಕೊನೆಯದಾಗಿ ಸಿದ್ಧಪಡಿಸುವುದು ಮಾಸ್ಟರಿಂಗ್. ಮೊದಲನೆಯದನ್ನು ಬದಲಿಸಿದರೆ ವಾದ್ಯಗಳ ನಡುವಿನ ಸಂಬಂಧವೇ ಬದಲಾಗಬಹುದು. ಆದ್ದರಿಂದ ಅದನ್ನು ಮಾಡಿದಾಗ ಬರೆದು ತಿಳಿಸುವುದು ಧರ್ಮ.

ಜೋರಾದದ್ದೆಲ್ಲ ಚೆನ್ನಲ್ಲ

ಎಲ್ಲ ಸಂಪಾದಕರೂ ಇಷ್ಟು ಸಂಯಮಿಗಳಲ್ಲ. 1990ರ ದಶಕದಿಂದ ಮರುಮುದ್ರಣಗಳಲ್ಲಿ ಒಂದು ಚಾಳಿ ಬೆಳೆಯಿತು. ಎರಡು ಧ್ವನಿಗಳನ್ನು ಒಂದರ ಹಿಂದೊಂದು ಕೇಳಿಸಿದರೆ ನಮ್ಮ ಕಿವಿ ಜೋರಾದದ್ದನ್ನೇ ಚೆನ್ನಾದದ್ದು ಎಂದು ಭ್ರಮಿಸುತ್ತದೆ. ಸಿ.ಡಿ.ಯಲ್ಲಿ ಶಬ್ದಕ್ಕೆ ಒಂದು ಮೇಲ್ಮಿತಿ ಇದೆ, ಅದನ್ನು ದಾಟಲಾಗದು. ಹಾಗಾದರೆ ಜೋರು ಮಾಡುವುದು ಹೇಗೆ? ಎತ್ತರದ ಶಿಖರಗಳನ್ನು ಅದುಮಿ, ತಗ್ಗಿನಲ್ಲಿದ್ದುದನ್ನೆಲ್ಲ ಮೇಲೆತ್ತುವುದು. ಆಗ ಪಿಸುಮಾತಿಗೂ ಕೂಗಿಗೂ ಅಂತರ ಉಳಿಯುವುದಿಲ್ಲ. ಸಹ್ಯಾದ್ರಿಯನ್ನು ಸಮತಟ್ಟು ಮಾಡಿ ಮೈದಾನ ಎಷ್ಟು ಎತ್ತರ ನೋಡಿ ಎಂದಂತೆ. ಹೊಸ ಆಲ್ಬಂಗಳಿಗೂ ಈ ರೋಗ ತಗುಲಿತು. 2008ರಲ್ಲಿ ಮೆಟಾಲಿಕಾ ತಂಡದ 'ಡೆತ್ ಮ್ಯಾಗ್ನೆಟಿಕ್' ಹೊರಬಂದಾಗ ಅಭಿಮಾನಿಗಳೇ ಧ್ವನಿ ಒಡೆದಿದೆ ಎಂದು ದೂರಿದರು.

ಇದಕ್ಕೆ ವಿರುದ್ಧವಾದ ಮಾದರಿಯೂ ಇದೆ. ಬೀಟಲ್ಸ್ ತಂಡದ ಆಲ್ಬಂಗಳು ಮೊದಲು ಸಿ.ಡಿ. ಆದದ್ದು 1987ರಲ್ಲಿ. ಅವುಗಳನ್ನು ಮತ್ತೆ ಸಿದ್ಧಪಡಿಸಲು ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೋದ ತಂತ್ರಜ್ಞರು ನಾಲ್ಕು ವರ್ಷ ದುಡಿದರು. 2009ರ ಸೆಪ್ಟೆಂಬರ್ 9ರಂದು ಅವು ಹೊರಬಂದವು. ಸುರುಳಿಯ ಗೊರಗೊರ ಸದ್ದನ್ನು ಕಂಪ್ಯೂಟರಿನಿಂದ ಅಳಿಸುವ ವಿದ್ಯೆ ಅಷ್ಟರಲ್ಲಿ ಕೈಗೆ ಬಂದಿತ್ತು. ಆದರೂ ಒಟ್ಟು 525 ನಿಮಿಷಗಳ ಸಂಗೀತದಲ್ಲಿ ಐದು ನಿಮಿಷಕ್ಕಿಂತ ಕಡಿಮೆ ಭಾಗಕ್ಕೆ ಮಾತ್ರ ಅದನ್ನು ಬಳಸಿದರು. ಸದ್ದನ್ನು ಕೆರೆದು ತೆಗೆಯುವಾಗ ಅದರೊಡನೆ ಸಂಗೀತದ ಉಸಿರೂ ಹೋಗುತ್ತದೆಂದು ಅವರಿಗೆ ಗೊತ್ತಿತ್ತು. ಕೈಯಲ್ಲಿ ಶಕ್ತಿಯಿದ್ದೂ ಬಳಸದಿರುವುದು ಒಳ್ಳೆಯ ಸಂಪಾದಕನ ಲಕ್ಷಣ.

ಹೊದಿಕೆಯೂ ದಾಖಲೆಯೇ

ಎಲ್.ಪಿ. ತಟ್ಟೆಯ ರಟ್ಟಿನ ಹೊದಿಕೆ 12 ಅಂಗುಲದ್ದು. ಅದರ ಹಿಂಬದಿಯಲ್ಲಿ ಒಂದು ಪ್ರಬಂಧವನ್ನೇ ಬರೆಯಬಹುದಿತ್ತು. 'ಕೈಂಡ್ ಆಫ್ ಬ್ಲೂ' ಹೊದಿಕೆಗೆ ಬಿಲ್ ಇವಾನ್ಸ್ ಸ್ವತಃ ಬರೆದು, ಆ ತಂಡದ ಮನೋಧರ್ಮ ಸಂಗೀತವನ್ನು ಜಪಾನಿನ ಮಸಿಚಿತ್ರ ಕಲೆಗೆ ಹೋಲಿಸಿದ್ದ. ಸಿ.ಡಿ. ಬಂದಾಗ ಇಷ್ಟನ್ನೂ ಅಂಗೈಯಗಲದ ಪ್ಲಾಸ್ಟಿಕ್ ಪೆಟ್ಟಿಗೆಗೆ ತುರುಕಬೇಕಾಯಿತು. ಅಕ್ಷರ ಓದಲು ಭೂತಗನ್ನಡಿ ಬೇಕಾಯಿತು. ಆದರೆ ಪುಟ್ಟ ಪುಸ್ತಿಕೆಗೆ ಹಲವು ಪುಟಗಳನ್ನು ಸೇರಿಸಬಹುದೆಂಬ ಅನುಕೂಲವೂ ಒದಗಿತು. ಒಳ್ಳೆಯ ಮರುಮುದ್ರಣಗಳ ಪುಸ್ತಿಕೆ ನಿಜವಾದ ಪೀಠಿಕೆಯಾಯಿತು: ಯಾರು ನುಡಿಸಿದರು, ಯಾವ ದಿನ, ಯಾವ ಸುರುಳಿಯಿಂದ, ಏನನ್ನು ತಿದ್ದಲಾಗಿದೆ.

ಹೊದಿಕೆಯೂ ತಪ್ಪಬಹುದು ಎಂಬುದಕ್ಕೂ ಇದೇ ಆಲ್ಬಂ ಸಾಕ್ಷಿ. 1959ರ ಮೊದಲ ಪ್ರತಿಗಳಲ್ಲಿ ಎರಡನೆಯ ಮಗ್ಗುಲಿನ ಎರಡು ರಚನೆಗಳ ಹೆಸರುಗಳೇ ಅದಲುಬದಲಾಗಿದ್ದವು. ಹಳೆಯ ತಟ್ಟೆ ಇದ್ದವರು 'ಆಲ್ ಬ್ಲೂಸ್' ಎಂದುಕೊಂಡು 'ಫ್ಲಮೆಂಕೊ ಸ್ಕೆಚಸ್' ಕೇಳಿರಬಹುದು!

1980ರ ದಶಕದ ಸಿ.ಡಿ.ಗಳು ಸಿಕ್ಕಿದರೆ ಹಿಂಬದಿ ನೋಡಿ. ಎ.ಎ.ಡಿ., ಎ.ಡಿ.ಡಿ. ಎಂಬಂಥ ಮೂರು ಅಕ್ಷರಗಳು ಕಾಣಬಹುದು. ಮೊದಲನೆಯದು ಧ್ವನಿಮುದ್ರಣ, ಎರಡನೆಯದು ಮಿಶ್ರಣ, ಮೂರನೆಯದು ಮಾಸ್ಟರಿಂಗ್ ಹೇಗೆ ಆಯಿತೆಂಬುದನ್ನು ಸೂಚಿಸುತ್ತವೆ. 'ಎ' ಎಂದರೆ ಹಳೆಯ ಟೇಪಿನ ವಿಧಾನ, 'ಡಿ' ಎಂದರೆ ಅಂಕೆಯ ವಿಧಾನ.

ಕಾಪಿಟ್ಟ ಪ್ರತಿ

ಈ ಕಥೆಯಲ್ಲಿ ನನಗೆ ಮುಖ್ಯವೆನಿಸುವುದು ಒಂದೇ ಸಂಗತಿ. ಆ ಎರಡನೆಯ ಸುರುಳಿಯನ್ನು ಯಾರೋ ಅಳಿಸದೆ ಇಟ್ಟಿದ್ದರು. ಮುಖ್ಯ ಸುರುಳಿ ಇರುವಾಗ ಇದೇಕೆ ಎಂದು ಯಾರಾದರೂ ಅದರ ಮೇಲೆ ಬೇರೇನನ್ನೋ ಮುದ್ರಿಸಿದ್ದರೆ, ತಪ್ಪು ಶ್ರುತಿಯನ್ನು ತೋರಿಸಿಕೊಡುವ ಸಾಕ್ಷಿಯೇ ಇರುತ್ತಿರಲಿಲ್ಲ. ಟೇಪು ದುಬಾರಿಯಾಗಿದ್ದ ಕಾಲದಲ್ಲಿ ಜಗತ್ತಿನ ಎಷ್ಟೋ ಟಿ.ವಿ. ಕೇಂದ್ರಗಳಲ್ಲಿ ಹಾಗೆ ಅಳಿಸುವುದು ರೂಢಿಯಾಗಿತ್ತು. ಕೆಲಸ ಕಲಿಯುವ ದಿನಗಳಲ್ಲಿ ನಾನೂ ತಂಬೂರಿ ತಯಾರಿಸುವ ಹಿರಿಯರೊಬ್ಬರ ಸಂದರ್ಶನದ ಮೇಲೆ ಇನ್ನೊಂದು ಕಾರ್ಯಕ್ರಮವನ್ನು ಮುದ್ರಿಸಿದ್ದೇನೆ. ಪ್ರಸಾರವಾಯಿತಲ್ಲ, ಇನ್ನೇಕೆ ಎಂದುಕೊಂಡಿದ್ದೆ. ಆ ಹಿರಿಯರು ಈಗಿಲ್ಲ. ಅವರ ದನಿಯೂ ಇಲ್ಲ.

2008ರ ಜೂನ್ 1ರಂದು ಅಮೆರಿಕದ ಯೂನಿವರ್ಸಲ್ ಸ್ಟುಡಿಯೋಸ್ ಆವರಣದಲ್ಲಿ ಬೆಂಕಿ ಬಿದ್ದು ಅಪಾರ ಸಂಖ್ಯೆಯ ಮೂಲ ಸುರುಳಿಗಳು ಸುಟ್ಟುಹೋದವೆಂದು 2019ರಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿ ಮಾಡಿತು. ನಷ್ಟದ ಪ್ರಮಾಣದ ಬಗ್ಗೆ ವಾದವಿವಾದಗಳಾದವು. ಆದರೆ ಸುಟ್ಟುಹೋದ ಮಾತೃಪ್ರತಿಯನ್ನು ಯಾವ ತಂತ್ರಜ್ಞಾನವೂ ಮರಳಿ ತರಲಾರದೆಂಬುದರಲ್ಲಿ ವಿವಾದವಿಲ್ಲ.

ಇಂದು ನಿಮ್ಮಲ್ಲಿ ಹೆಚ್ಚಿನವರು ಸಂಗೀತ ಕೇಳುವುದು ಫೋನಿನಲ್ಲಿ. ಅಲ್ಲಿ ಹಾಡಿನ ಹೆಸರಿನ ಪಕ್ಕದಲ್ಲಿ 'ರೀಮಾಸ್ಟರ್ಡ್' ಎಂಬ ಪದ, ಜೊತೆಗೊಂದು ಇಸವಿ ಇರುತ್ತದೆ; ಪುಸ್ತಿಕೆ ಇರುವುದಿಲ್ಲ. ಆದ್ದರಿಂದ ಒಂದು ಪ್ರಯೋಗ ಮಾಡಿ. ನಿಮ್ಮ ಮನೆಯಲ್ಲೋ ಗ್ರಂಥಾಲಯದಲ್ಲೋ ಇರುವ ಹಳೆಯ ಸಿ.ಡಿ. ಒಂದನ್ನು ಮತ್ತು ಅದೇ ಸಂಗೀತದ ಹೊಸ ಆವೃತ್ತಿಯನ್ನು ಒಟ್ಟಿಗೆ ಕೇಳಿ. ಮೊದಲು ಎರಡರ ಶಬ್ದವನ್ನೂ ಕಿವಿಗೆ ಸಮನಾಗುವಂತೆ ಹೊಂದಿಸಿಕೊಳ್ಳಿ; ಜೋರಿನ ಭ್ರಮೆ ಬೇಡ. ಆಮೇಲೆ ವಾದ್ಯಗಳ ನಡುವಿನ ಮೌನವನ್ನು ಗಮನಿಸಿ. ಪುಸ್ತಿಕೆ ಸಿಕ್ಕಿದರೆ ಕೊನೆಯ ಪುಟದ ಸಣ್ಣ ಅಕ್ಷರಗಳನ್ನೂ ಓದಿ. ಇದು ಯಾವ ಸುರುಳಿಯಿಂದ ಬಂತು, ಯಾರು ತಿದ್ದಿದರು, ಏಕೆ ತಿದ್ದಿದರು ಎಂದು ಕೇಳಿಕೊಳ್ಳಿ. ಗ್ರಂಥಕ್ಕೆ ಕೇಳುವ ಪ್ರಶ್ನೆಗಳನ್ನೇ ಧ್ವನಿಗೂ ಕೇಳಲು ಕಲಿತರೆ ನೀವು ಇತಿಹಾಸದ ವಿದ್ಯಾರ್ಥಿಗಳಾದಂತೆಯೇ ಸರಿ.