ಬೆಂಗಳೂರಿನ ಹೊರವಲಯ: ಸ್ವಯಂಸೇವೆ, ಸರ್ವರ ಪ್ರವಾಸ ಮತ್ತು ಪಕ್ಷ ಬೆಂಬಲ

ಬೆಂಗಳೂರಿನ ಪೂರ್ವಕ್ಕಿರುವ ವೈಟ್‌ಫೀಲ್ಡ್, ದಕ್ಷಿಣದ ಎಲೆಕ್ಟ್ರಾನಿಕ್ ಸಿಟಿ ಹಾಗೂ ವಾಯವ್ಯದ ಪೀಣ್ಯ ರಾಜ್ಯದ ಪ್ರಮುಖ ಉದ್ಯೋಗ ಕೇಂದ್ರಗಳು. ಸೇವೆ ಸಲ್ಲಿಸುವ ಉದ್ದೇಶದಿಂದಲೇ ಬೇರೆ ಊರಿಗೆ ಹೋಗಿ ಕೆಲವು ದಿನ ದುಡಿದು ಬರುವುದು ಸ್ವಯಂಸೇವಾ ಪ್ರವಾಸ. ಬಡವರು, ಮಹಿಳೆಯರು, ವೃದ್ಧರು, ಅಂಗವಿಕಲರು ಹೀಗೆ ಯಾರೂ ಹೊರಗುಳಿಯದಂತೆ ಪ್ರಯಾಣ ಎಟುಕಿದರೆ ಅದು ಸರ್ವರ ಪ್ರವಾಸ. ವಲಸಿಗರೇ ತುಂಬಿರುವ ಈ ಮೂರೂ ಪ್ರದೇಶಗಳಲ್ಲಿ ಇವೆರಡಕ್ಕೂ ಚುನಾವಣಾ ರಾಜಕಾರಣದೊಂದಿಗೆ ನೇರ ನಂಟಿದೆ.

ಹಿನ್ನೆಲೆ

ಮೈಸೂರಿನ ಮಹಾರಾಜ ಹತ್ತನೇ ಚಾಮರಾಜ ಒಡೆಯರ್ ನೀಡಿದ ಜಮೀನಿನಲ್ಲಿ 1882ರಲ್ಲಿ ಆಂಗ್ಲೋ-ಇಂಡಿಯನ್ನರ ಬೇಸಾಯದ ನೆಲೆಯಾಗಿ ವೈಟ್‌ಫೀಲ್ಡ್ ಆರಂಭವಾಯಿತು. ಎಲೆಕ್ಟ್ರಾನಿಕ್ ಸಿಟಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯ ಆರ್.ಕೆ. ಬಾಳಿಗ ಅವರ ಕನಸು. 1970ರ ದಶಕದ ಕೊನೆಯಲ್ಲಿ ಕೋಣಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಅದಕ್ಕೆ ನೆಲೆ ಸಿಕ್ಕಿತು. ಪೀಣ್ಯ ಬೆಳೆದದ್ದು ಸಣ್ಣ ಕಾರ್ಖಾನೆಗಳು ಮತ್ತು ಗಾರ್ಮೆಂಟ್ಸ್‌ಗಳಿಂದ. 2007ರಲ್ಲಿ ಮಹದೇವಪುರ, ದಾಸರಹಳ್ಳಿ ಸೇರಿ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಮತ್ತು ನೂರಕ್ಕೂ ಹೆಚ್ಚು ಹಳ್ಳಿಗಳು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ (ಬಿಬಿಎಂಪಿ) ಸೇರಿದವು. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಮಹದೇವಪುರ ಪರಿಶಿಷ್ಟ ಜಾತಿಗೆ ಮೀಸಲಾದ ಪ್ರತ್ಯೇಕ ವಿಧಾನಸಭಾ ಕ್ಷೇತ್ರವಾಯಿತು.

ಸ್ವಯಂಸೇವೆ

ಈ ಭಾಗದಲ್ಲಿ ಸೇವೆಗಾಗಿ ಪ್ರಯಾಣ ಐಟಿ ಕಂಪನಿಗಳಿಗಿಂತ ಹಳೆಯದು. ವೈಟ್‌ಫೀಲ್ಡ್ ಬಳಿಯ ಕಾಡುಗೋಡಿಯ ಬೃಂದಾವನ ಆಶ್ರಮಕ್ಕೆ ಸತ್ಯಸಾಯಿ ಬಾಬಾ ಅವರ ಅನುಯಾಯಿಗಳು ದಶಕಗಳಿಂದ ಬರುತ್ತಿದ್ದಾರೆ. 2001ರ ಜನವರಿಯಲ್ಲಿ ವೈಟ್‌ಫೀಲ್ಡ್‌ನಲ್ಲಿ ಆರಂಭವಾದ ಸತ್ಯಸಾಯಿ ಆಸ್ಪತ್ರೆ ಹೃದ್ರೋಗ ಮತ್ತು ನರರೋಗಗಳಿಗೆ ಉಚಿತ ಚಿಕಿತ್ಸೆ ನೀಡುತ್ತದೆ. ಸತ್ಯಸಾಯಿ ಸಂಸ್ಥೆಯ ಸೇವಾದಳದವರು ತಂಡ ತಂಡವಾಗಿ ಬಂದು ಇಲ್ಲಿ ರೋಗಿಗಳ ನೆರವಿಗೆ ನಿಲ್ಲುತ್ತಾರೆ.

ಎರಡನೆಯ ಧಾರೆ ಕೆರೆಗಳದ್ದು. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯ ವಿಸ್ತೀರ್ಣ ಸುಮಾರು 48 ಎಕರೆ. 2009ರ ನಂತರ ನಿವಾಸಿಗಳು, ತಜ್ಞರು ಮತ್ತು ಬಿಬಿಎಂಪಿ ಜೊತೆಯಾಗಿ ಅದಕ್ಕೆ ಮರುಜೀವ ಕೊಟ್ಟರು. ಮಹದೇವಪುರ ಪರಿಸರ ಸಂರಕ್ಷಣೆ ಮತ್ತು ಅಭಿವೃದ್ಧಿ ಸಮಿತಿ ನಿಗಾ ವಹಿಸಿತು. ಅಪಾರ್ಟ್‌ಮೆಂಟಿನವರ ವಾಯುವಿಹಾರಕ್ಕಷ್ಟೇ ಕೆರೆ ಮೀಸಲಾಗಲಿಲ್ಲ. ಪಕ್ಕದ ಸರ್ಕಾರಿ ಶಾಲೆಯ ಮಕ್ಕಳು ಏರಿಯ ಮೇಲೆ ಓಡಾಡುತ್ತಾರೆ, ದನ ಸಾಕುವವರು ಹುಲ್ಲು ಕೊಯ್ದುಕೊಳ್ಳುತ್ತಾರೆ, ಕೆರೆ ಹಬ್ಬಕ್ಕೆ ಊರಿನ ಬೇರೆ ಭಾಗಗಳಿಂದಲೂ ಜನ ಸೇರುತ್ತಾರೆ. ಎಲ್ಲರನ್ನೂ ಒಳಗೊಳ್ಳುವ ಸಾರ್ವಜನಿಕ ಜಾಗ ಹೇಗಿರಬೇಕು ಎಂಬುದಕ್ಕೆ ಇದು ಈ ಭಾಗದ ಅತ್ಯುತ್ತಮ ಮಾದರಿ. 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹೊತ್ತಿಕೊಂಡಾಗ ಇಂಥ ಗುಂಪುಗಳ ದನಿ ದೇಶಕ್ಕೇ ಕೇಳಿಸಿತು. 2013ರಲ್ಲಿ ಹುಟ್ಟಿದ ವೈಟ್‌ಫೀಲ್ಡ್ ರೈಸಿಂಗ್ ಎಂಬ ನಾಗರಿಕರ ಗುಂಪು ಕಸ, ರಸ್ತೆ, ಕೆರೆಗಳ ಕೆಲಸಕ್ಕೆ ನಿವಾಸಿಗಳನ್ನು ಒಟ್ಟುಗೂಡಿಸಿತು.

ಮೂರನೆಯದು ಕಂಪನಿಗಳ ಸೇವಾ ಕಾರ್ಯ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ ನಿಗದಿತ ಮಟ್ಟಕ್ಕಿಂತ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು. ರಾಜಕೀಯ ಪಕ್ಷಕ್ಕೆ ಕೊಡುವ ದೇಣಿಗೆ ಈ ಲೆಕ್ಕಕ್ಕೆ ಸೇರದು. ಕಾನೂನೇ ಇಲ್ಲಿ ಸೇವೆಯನ್ನೂ ಪಕ್ಷವನ್ನೂ ಬೇರ್ಪಡಿಸಿದೆ.

ಸರ್ವರ ಪ್ರವಾಸ

ರಾಜ್ಯದ ಕಾಂಗ್ರೆಸ್ ಸರ್ಕಾರ 2023ರ ಜೂನ್ 11ರಂದು ಮಹಿಳೆಯರ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆಯನ್ನು ಜಾರಿಗೆ ತಂದಿತು. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದ ಮಹಿಳೆಗೆ ನಿರ್ವಾಹಕರು 'ಶೂನ್ಯ ಟಿಕೆಟ್' ಕೊಡುತ್ತಾರೆ. ರಾಜ್ಯದೊಳಗಿನ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಆಕೆ ಎಲ್ಲಿಗಾದರೂ ಹೋಗಬಹುದು. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಹೆಣ್ಣುಮಗಳಿಗೆ ಭಾನುವಾರ ತವರಿಗೆ ಹೋಗಿಬರುವುದು, ಧರ್ಮಸ್ಥಳ, ಕುಕ್ಕೆ ಸುಬ್ರಹ್ಮಣ್ಯದ ದರ್ಶನ ಮಾಡುವುದು ಇದರಿಂದ ಹಗುರವಾಯಿತು. ಅದೇ ಸಾಲಿನಲ್ಲಿ ಕೂತು ಹೊಲಿಯುವ, ಹೊರರಾಜ್ಯದ ವಿಳಾಸವುಳ್ಳ ಹೆಂಗಸು ಮಾತ್ರ ಪೂರ್ತಿ ದುಡ್ಡು ಕೊಡಬೇಕು. ಯೋಜನೆಯ ವ್ಯಾಪ್ತಿಯೂ ಮಿತಿಯೂ ಇಲ್ಲಿಯೇ ಕಾಣುತ್ತವೆ.

ನಮ್ಮ ಮೆಟ್ರೊ 2014ರಲ್ಲಿ ಪೀಣ್ಯ, 2023ರಲ್ಲಿ ವೈಟ್‌ಫೀಲ್ಡ್, 2025ರಲ್ಲಿ ಎಲೆಕ್ಟ್ರಾನಿಕ್ ಸಿಟಿ ತಲುಪಿತು. ಲಿಫ್ಟ್ ಮತ್ತು ದೃಷ್ಟಿ ಇಲ್ಲದವರಿಗೆ ದಾರಿ ತೋರುವ ಉಬ್ಬುಹಾಸು ನಿಲ್ದಾಣದ ಒಳಗಿವೆ. ಹೊರಗಿನ ಒಡೆದ ಪಾದಚಾರಿ ಮಾರ್ಗದಲ್ಲಿ ಗಾಲಿಕುರ್ಚಿ ಸಾಗುವುದೇ ಕಷ್ಟ.

ಪಕ್ಷ ಬೆಂಬಲ

ವೈಟ್‌ಫೀಲ್ಡ್ ಒಳಗೊಂಡ ಮಹದೇವಪುರದಲ್ಲಿ ಬಿಜೆಪಿಯ ಅರವಿಂದ ಲಿಂಬಾವಳಿ 2008, 2013 ಮತ್ತು 2018ರಲ್ಲಿ, ಅವರ ಪತ್ನಿ ಮಂಜುಳಾ ಲಿಂಬಾವಳಿ 2023ರಲ್ಲಿ ಗೆದ್ದರು. ಎಲೆಕ್ಟ್ರಾನಿಕ್ ಸಿಟಿ ಬಳಿಯ ಆನೇಕಲ್‌ನಲ್ಲಿ 2013ರಿಂದ ಮೂರು ಬಾರಿಯೂ ಕಾಂಗ್ರೆಸ್ಸಿನ ಬಿ. ಶಿವಣ್ಣ ಗೆದ್ದಿದ್ದಾರೆ. ಪೀಣ್ಯದ ಬಹುಭಾಗಕ್ಕೆ ಹೊಂದಿಕೊಂಡ ದಾಸರಹಳ್ಳಿ 2018ರಲ್ಲಿ ಜೆಡಿಎಸ್‌ಗೆ ಒಲಿದು, 2023ರಲ್ಲಿ ಬಿಜೆಪಿಗೆ ಮರಳಿತು. ಶಕ್ತಿ ಯೋಜನೆ ಜಾರಿಯಾದ ಮರುವರ್ಷವೇ ಬೆಂಗಳೂರಿನ ನಾಲ್ಕೂ ಲೋಕಸಭಾ ಸ್ಥಾನಗಳು ಬಿಜೆಪಿಯ ಪಾಲಾದವು. ಸವಲತ್ತು ಪಡೆದವರ ಮತ ತಾನಾಗಿ ಆಳುವ ಪಕ್ಷಕ್ಕೆ ಹೋಗುವುದಿಲ್ಲ.

ಉದ್ಯಮದಲ್ಲಿ ಗಳಿಸಿದ ಹೆಸರೂ ಮತವಾಗಿ ಮಾರ್ಪಡಲಿಲ್ಲ. 2014ರ ಲೋಕಸಭಾ ಚುನಾವಣೆಯಲ್ಲಿ ಇನ್ಫೋಸಿಸ್‌ನ ಸಹ ಸಂಸ್ಥಾಪಕ ನಂದನ್ ನಿಲೇಕಣಿ ಬೆಂಗಳೂರು ದಕ್ಷಿಣದಲ್ಲಿ ಕಾಂಗ್ರೆಸ್ಸಿನಿಂದ, ಅದೇ ಸಂಸ್ಥೆಯಲ್ಲಿದ್ದ ವಿ. ಬಾಲಕೃಷ್ಣನ್ ಬೆಂಗಳೂರು ಕೇಂದ್ರದಲ್ಲಿ ಆಮ್ ಆದ್ಮಿ ಪಕ್ಷದಿಂದ ನಿಂತು ಸೋತರು.

2024ರಲ್ಲಿ ಬೆಂಗಳೂರು ಕೇಂದ್ರದ ಬಿಜೆಪಿ ಅಭ್ಯರ್ಥಿ ಪಿ.ಸಿ. ಮೋಹನ್ ಒಟ್ಟು 32,707 ಮತಗಳಿಂದ ಗೆದ್ದರು. ಈ ಲೋಕಸಭಾ ಕ್ಷೇತ್ರದೊಳಗಿನ ಮಹದೇವಪುರ ಒಂದರಲ್ಲೇ ಅವರಿಗೆ 1.14 ಲಕ್ಷ ಮತಗಳ ಮುನ್ನಡೆ ಸಿಕ್ಕಿತ್ತು. ಮಹದೇವಪುರದ ಮತದಾರರ ಪಟ್ಟಿಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮತಗಳ ಅಕ್ರಮ ನಡೆದಿದೆ ಎಂದು ರಾಹುಲ್ ಗಾಂಧಿ 2025ರ ಆಗಸ್ಟ್ 7ರಂದು ಆರೋಪಿಸಿದರು. ಚುನಾವಣಾ ಆಯೋಗ ಅದನ್ನು ನಿರಾಕರಿಸಿತು.

ಸ್ಥಳೀಯ ಆಡಳಿತದ ಕೊರತೆ

ಸ್ವಯಂಸೇವಕರು ಕೈಹಾಕುವ ಕಸ, ಕೆರೆ, ಕಾಲುದಾರಿಗಳೆಲ್ಲ ಪಾಲಿಕೆಯ ಹೊಣೆ. 2015ರಲ್ಲಿ ಆಯ್ಕೆಯಾದ ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳು ರಚನೆಯಾಗುವವರೆಗೆ ಐದು ವರ್ಷ ಅಧಿಕಾರಿಗಳೇ ಆಳಿದರು. ಎಲೆಕ್ಟ್ರಾನಿಕ್ ಸಿಟಿಯ ಕೈಗಾರಿಕಾ ಪ್ರದೇಶವನ್ನು 2013ರಿಂದ ನೋಡಿಕೊಳ್ಳುತ್ತಿರುವ ಎಲ್ಸಿಟಾ ಎಂಬ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರ ಕೂಡ ವಾರ್ಡುಗಳಿಂದ ಚುನಾಯಿತವಾದ ಸಂಸ್ಥೆಯಲ್ಲ. ಸೇವೆಯಲ್ಲಿ ತೊಡಗಿದ ನಾಗರಿಕನಿಗೆ ತನ್ನ ಬೀದಿಯ ಬಗ್ಗೆ ಲೆಕ್ಕ ಕೇಳಲು ಒಬ್ಬ ಕಾರ್ಪೊರೇಟರ್ ಕೂಡ ಇಲ್ಲದಂತಾದದ್ದು ಈ ಅವಧಿಯ ದೊಡ್ಡ ನಷ್ಟ.

ಲೆಕ್ಕ ಕೇಳುವ ಇನ್ನೊಂದು ದಾರಿಯಾದ ಮತದಾನವೂ ಇಲ್ಲಿ ಕಡಿಮೆ. 2023ರ ವಿಧಾನಸಭಾ ಚುನಾವಣೆಯಲ್ಲಿ ರಾಜ್ಯದ ಮತದಾನ ಶೇ. 73 ದಾಟಿದರೂ ಬೆಂಗಳೂರಿನದು ಶೇ. 55ರ ಆಸುಪಾಸಿನಲ್ಲೇ ನಿಂತಿತು. ಸಾಮಾನ್ಯವಾಗಿ ವಾಸಿಸುವ ಸ್ಥಳದಲ್ಲೇ ಮತದಾರನಾಗಬೇಕೆಂಬುದು 1950ರ ಜನಪ್ರತಿನಿಧಿ ಕಾಯ್ದೆಯ ನಿಯಮ. ಮತದಾನದ ದಿನ ನೌಕರರಿಗೆ ಸಂಬಳಸಹಿತ ರಜೆಯೂ ಕಾನೂನಿನಲ್ಲಿದೆ. ಹೊಸದಾಗಿ ಹೆಸರು ಸೇರಿಸಲು ನಮೂನೆ 6, ಮನೆ ಬದಲಿಸಿದವರಿಗೆ ನಮೂನೆ 8. ಕೆರೆ ಸ್ವಚ್ಛ ಮಾಡಲು ಭಾನುವಾರ ಬಿಡುವು ಮಾಡಿಕೊಳ್ಳುವ ಪ್ರತಿಯೊಬ್ಬರೂ ಆ ಕೆರೆ ಇರುವ ಕ್ಷೇತ್ರದ ಮತದಾರರ ಪಟ್ಟಿಯಲ್ಲೂ ಇರಬೇಕು. ಪಕ್ಕದ ಶೆಡ್ಡಿನಲ್ಲಿ ವಾಸವಿರುವ ಕಾರ್ಮಿಕರ ಹೆಸರನ್ನೂ ಸೇರಿಸಲು ನೆರವಾಗಬೇಕು.