ತುಮಕೂರು ರಸ್ತೆಯ ಕ್ಯಾಸೆಟ್ ಅಣ್ಣ

ಗೊರಗುಂಟೆಪಾಳ್ಯ ಬಿಟ್ಟು ತುಮಕೂರಿನ ಕಡೆ ಹೊರಟವರಿಗೆ ಊರುಗಳ ಲೆಕ್ಕ ಸಿಗುವುದಿಲ್ಲ. ಪೀಣ್ಯ, ಜಾಲಹಳ್ಳಿ ಕ್ರಾಸ್, ದಾಸರಹಳ್ಳಿ, ಎಂಟನೇ ಮೈಲಿ, ನಾಗಸಂದ್ರ, ಅಂಚೆಪಾಳ್ಯ, ಮಾದಾವರ, ಮಾದನಾಯಕನಹಳ್ಳಿ, ಮಾಕಳಿ. ಒಂದು ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೆಂದು ಕಂಡಕ್ಟರಿಗಷ್ಟೇ ಗೊತ್ತು. ಮಾದನಾಯಕನಹಳ್ಳಿಯ ಪಾಡಂತೂ ಇನ್ನೂ ವಿಚಿತ್ರ. ದಾಸನಪುರ ಹೋಬಳಿ, ಬೆಂಗಳೂರು ಉತ್ತರ ತಾಲ್ಲೂಕು. ಅಂದರೆ ಕಂದಾಯದ ಕಾಗದದಲ್ಲಿ ಬೆಂಗಳೂರು ನಗರ ಜಿಲ್ಲೆ. ಪೊಲೀಸ್ ಠಾಣೆ ಮಾತ್ರ ಬಹುಕಾಲ ಬೆಂಗಳೂರು ಗ್ರಾಮಾಂತರದ್ದು. ಪಹಣಿಗೆ ಒಂದು ದಿಕ್ಕು, ಹೊಡೆದಾಟದ ಕಂಪ್ಲೇಂಟಿಗೆ ಇನ್ನೊಂದು ದಿಕ್ಕು.

ಇಂಥ ಊರಿನ ಚರಿತ್ರೆಯನ್ನು ಪಾಳೆಯಗಾರರ ಕಾಲದಿಂದ ಹಿಡಿದು ಬರೆಯುವವರು ಬರೆಯಲಿ. ನನ್ನ ಕಣ್ಣಿರುವುದು ಕಳೆದ ನಲವತ್ತು ನಲವತ್ತೈದು ವರ್ಷಗಳ ಮೇಲೆ, ಅದೂ ಒಂದು ಅಂಗಡಿಯ ಕಪಾಟಿನ ಮೇಲೆ. ಹೊಲ ಸೈಟಾದದ್ದು, ಸೈಟು ವಠಾರವಾದದ್ದು, ವಠಾರಕ್ಕೆ ಯಾರು ಯಾರು ಬಾಡಿಗೆಗೆ ಬಂದರು ಅನ್ನುವುದು ಪಂಚಾಯ್ತಿ ಕಡತಕ್ಕಿಂತ ಚೆನ್ನಾಗಿ ಗೊತ್ತಿದ್ದದ್ದು ಕ್ಯಾಸೆಟ್ ಅಂಗಡಿಯವನಿಗೆ.

ಈ ರಸ್ತೆಯ ಊರೂರಿಗೂ ಅಂಥದೊಂದು ಅಂಗಡಿ ಇತ್ತು. ಎಂಟಡಿ ಹತ್ತಡಿ ಮಳಿಗೆ, ಕ್ಯಾಸೆಟ್ಟಿನ ಬೆನ್ನು ಮಾತ್ರ ಕಾಣುವಂತೆ ಜೋಡಿಸಿದ ಮರದ ಕಪಾಟು, ಕೌಂಟರಿನ ಗಾಜಿನಡಿ ಹೊಸ ಸಿನಿಮಾದ ಇನ್‌ಲೇ ಕಾರ್ಡು, ಬಾಗಿಲ ಎರಡೂ ಪಕ್ಕ ರಸ್ತೆಗೆ ಮುಖ ಮಾಡಿದ ಸ್ಪೀಕರ್ ಡಬ್ಬ. ಬೋರ್ಡಿನ ಮೇಲೆ ದೇವರ ಹೆಸರೋ ಮಗಳ ಹೆಸರೋ ಇರುತ್ತಿತ್ತೇ ಹೊರತು ಮಾಲೀಕನದಲ್ಲ. ಅವನು ಎಲ್ಲರಿಗೂ ಕ್ಯಾಸೆಟ್ ಅಣ್ಣ. ಒಬ್ಬರ ಹೆಸರು ಬರೆದರೆ ಉಳಿದವರಿಗೆ ಅನ್ಯಾಯವಾದೀತು. ಹಾಗಾಗಿ ಇಲ್ಲಿ ಬರುವ ಅಣ್ಣ ಒಬ್ಬನೇ ಮನುಷ್ಯನಲ್ಲ, ಪೀಣ್ಯದಿಂದ ನೆಲಮಂಗಲದವರೆಗಿನ ಅಷ್ಟೂ ಅಂಗಡಿಯವರು ಸೇರಿ ಒಬ್ಬ ಎಂದು ಓದುಗರು ತಿಳಿಯಬೇಕು.

1953ರಲ್ಲಿ ಜಾಲಹಳ್ಳಿಗೆ ಎಚ್ಎಂಟಿ ಬಂತು. 1970ರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ಎದ್ದಿತು. ಲೇತು, ಗ್ರೈಂಡಿಂಗು, ಪ್ಲೇಟಿಂಗು, ಆಮೇಲೆ ಗಾರ್ಮೆಂಟ್ಸು. ಮೊದಲು ಬಂದವರು ಹತ್ತಿರದವರೇ: ಕುಣಿಗಲ್, ಮಾಗಡಿ, ಗುಬ್ಬಿ, ಶಿರಾ, ಪಾವಗಡ. ಸಂಬಳದಲ್ಲಿ ಒಂದಿಷ್ಟು ಉಳಿಸಿ ಟು-ಇನ್-ಒನ್ ಕೊಂಡರೆ ಆ ಮನೆ ವಠಾರಕ್ಕೆ ದೊಡ್ಡ ಮನೆ. ಅದಕ್ಕೆ ಬೇಕಾದ ಮೊದಲ ಕ್ಯಾಸೆಟ್ಟು ಸಾಮಾನ್ಯವಾಗಿ ಸಿನಿಮಾದ್ದಲ್ಲ. ರಾಜ್‌ಕುಮಾರ್ ಹಾಡಿದ ರಾಘವೇಂದ್ರ ಸ್ವಾಮಿಯ ಗೀತೆಗಳು, ಇಲ್ಲವೇ ಗುರುರಾಜುಲು ನಾಯ್ಡು ಅವರ ಹರಿಕಥೆ. ಹರಿಕಥೆಯ ಕ್ಯಾಸೆಟ್ ಹಾಕಿದರೆ ಅಕ್ಕಪಕ್ಕದ ಹೆಂಗಸರೆಲ್ಲ ಬಾಗಿಲಲ್ಲಿ ಬಂದು ಕೂರುತ್ತಿದ್ದರು. ಬಿ ಸೈಡಿಗೆ ತಿರುಗಿಸುವ ಹೊತ್ತಿನಲ್ಲೇ ಸಾರಿಗೆ ಒಗ್ಗರಣೆ. ಗಂಡಸರು ಸಂಜೆ ಕೇಳಲು ಧೀರೇಂದ್ರ ಗೋಪಾಲ್ ಹಾಸ್ಯ ಒಯ್ಯುತ್ತಿದ್ದರು, ಮಕ್ಕಳು ಮಲಗಿದ ಮೇಲೆ ಎಂಬ ಷರತ್ತಿನೊಂದಿಗೆ.

ಆಮೇಲೆ ಕಟ್ಟಡದ ಕೆಲಸ ಹೆಚ್ಚಿತು. ರಾಯಚೂರು, ಕಲಬುರಗಿ, ವಿಜಯಪುರದ ಕಡೆಯವರು ಗುಂಪು ಗುಂಪಾಗಿ ಬಂದು ತಗಡಿನ ಶೆಡ್ಡುಗಳಲ್ಲಿ ಇಳಿದುಕೊಂಡರು. ಕಪಾಟಿನಲ್ಲಿ ಒಂದು ಸಾಲು ಅವರಿಗಾಗಿ ತೆರವಾಯಿತು: ತತ್ವಪದ, ಗೀಗೀ ಪದ, ಯಲ್ಲಮ್ಮನ ಹಾಡು. 1990ರಲ್ಲಿ ನಾಗಾಭರಣರ 'ಸಂತ ಶಿಶುನಾಳ ಶರೀಫ' ಸಿನಿಮಾ, ಸಿ. ಅಶ್ವಥ್ ಸಂಗೀತದೊಂದಿಗೆ ಬಂದಿದ್ದೇ ಅಣ್ಣನಿಗೆ ಅನುಕೂಲವಾಯಿತು. ಶೆಡ್ಡಿನವರೂ ಕೇಳುತ್ತಾರೆ, ಎಚ್ಎಂಟಿ ಕ್ವಾರ್ಟರ್ಸಿನವರೂ ಕೇಳುತ್ತಾರೆ.

"ಅಣ್ಣಾರ, ಶರೀಫರ ಪದ ಅದಾವೇನ್ರಿ?"

"ಅದಾವ ಬರ್ರಿ. ಸಿನಿಮಾದ್ದು ಬೇಕೋ, ಬರೀ ಪದ ಬೇಕೋ?"

ಕುಣಿಗಲ್ ಕಡೆಯ ನಾಲಿಗೆಯಲ್ಲಿ ಈ 'ಅದಾವ ಬರ್ರಿ' ವಾರ ಒಪ್ಪತ್ತಿನಲ್ಲಿ ಬಂದದ್ದಲ್ಲ. ಗಿರಾಕಿ ಕಲಿಸಿದ್ದು. ತೆಲುಗು, ತಮಿಳಿಗೂ ಹೀಗೇ. ಹಬ್ಬದ ವಾರ ಬಂದರೆ ಯಾವ ಶೆಡ್ಡಿನವರು ಯಾವ ದೇವರ ಹಾಡಿಗೆ ಬರುತ್ತಾರೆಂದು ಮೊದಲೇ ತಿಳಿದು ಮಾಲು ತಂದಿಟ್ಟಿರುತ್ತಿದ್ದ. ಇದನ್ನು ವ್ಯಾಪಾರ ಬುದ್ಧಿ ಅನ್ನಬಹುದು, ತಪ್ಪೇನಿಲ್ಲ. ಆದರೆ ಊರಲ್ಲಿ ಬೇರೆ ಯಾರೂ ಅವರ ದೇವರ ಹೆಸರು ಕೇಳಿರಲಿಲ್ಲ.

ಸ್ಪೀಕರಿನಲ್ಲಿ ಯಾವ ಹೊತ್ತಿಗೆ ಯಾವುದು ಅನ್ನುವುದೂ ಫ್ಯಾಕ್ಟರಿಯ ಶಿಫ್ಟಿನ ಮೇಲೆ ಹೋಗುತ್ತಿತ್ತು. ಬಾಗಿಲು ತೆಗೆದು ಊದುಬತ್ತಿ ಹಚ್ಚುವಾಗ ಸುಪ್ರಭಾತ. ಮಧ್ಯಾಹ್ನ ಎರಡಕ್ಕೆ ಫಸ್ಟ್ ಶಿಫ್ಟಿನವರು ಬಸ್ಸಿಳಿಯುವಾಗ ಹೊಸ ಸಿನಿಮಾ. ರಾತ್ರಿ ಹಳೆಯದು, ಸಣ್ಣಗೆ. ಆಯುಧಪೂಜೆಯ ದಿನ ಮಾತ್ರ ಬೆಳಗ್ಗೆಯಿಂದಲೇ ಗದ್ದಲ, ಏಕೆಂದರೆ ಪೀಣ್ಯದ ಒಂದೊಂದು ಶೆಡ್ಡಿನಲ್ಲೂ ಮೈಕ್‌ಸೆಟ್ಟು, ಒಂದೊಂದು ಮೈಕ್‌ಸೆಟ್ಟಿನವನೂ ಅಣ್ಣನ ಹತ್ತಿರ ಸಾಲ. ನವೆಂಬರಿನಲ್ಲಿ ಅದೇ ಮೈಕ್‌ಸೆಟ್ಟಿನವರು ನಿತ್ಯೋತ್ಸವ ಕೇಳಿಕೊಂಡು ಬರುತ್ತಿದ್ದರು.

ನಿತ್ಯೋತ್ಸವದ ಮಾತು ಬಂತಲ್ಲ. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ಆ ಧ್ವನಿಸುರುಳಿ ಬಂದದ್ದು 1978ರಲ್ಲಿ, ಕನ್ನಡದ ಮೊದಲ ಭಾವಗೀತೆಗಳ ಕ್ಯಾಸೆಟ್ಟೆಂದೇ ಅದಕ್ಕೆ ಹೆಸರು. ಕವಿತೆಯನ್ನೂ ಕ್ಯಾಸೆಟ್ಟಾಗಿ ಮಾರಬಹುದು ಅಂತ ಅಂಗಡಿಯವರಿಗೆ ಧೈರ್ಯ ಬಂದದ್ದು ಅದರಿಂದ. ಸಿನಿಮಾ ಕ್ಯಾಸೆಟ್ಟಿನ ದೊಡ್ಡ ಸುಗ್ಗಿ 1987ರ 'ಪ್ರೇಮಲೋಕ'ದ್ದು. ಹಂಸಲೇಖರ ಆ ಹಾಡುಗಳು ರವಿಚಂದ್ರನ್‌ರನ್ನಷ್ಟೇ ಎತ್ತಲಿಲ್ಲ, ಮನೋಹರ ನಾಯ್ಡು ಮತ್ತು ವೇಲು ಸಹೋದರರ ಲಹರಿ ಸಂಸ್ಥೆಯನ್ನೂ ಮನೆಮಾತಾಗಿಸಿದವು. ಅದೇ ಲಹರಿ ಹೊರತಂದ ರಿಕ್ಕಿ ಕೇಜ್ ಅವರ 'ಡಿವೈನ್ ಟೈಡ್ಸ್' 2022ರಲ್ಲಿ ಗ್ರ್ಯಾಮಿ ಗೆದ್ದಾಗ ತುಮಕೂರು ರಸ್ತೆಯ ಹಳೇ ಚಿಲ್ಲರೆ ಅಂಗಡಿಯವರಿಗೆ ಅದು ತಮ್ಮದೇ ಮನೆಯ ಸುದ್ದಿ. ಸಂಗೀತಾ, ಲಹರಿ, ಆಕಾಶ್, ಝೇಂಕಾರ್, ಅಶ್ವಿನಿ, ಆನಂದ್: ಕಂಪನಿಯ ಹೆಸರು ಕೇಳಿದರೆ ಸಾಕು, ಅಣ್ಣನ ಕೈ ತಾನಾಗಿ ಆ ಸಾಲಿಗೆ ಹೋಗುತ್ತಿತ್ತು.

ಆದರೂ ಈ ಅಂಗಡಿಯ ಮೇಲೆ ಜನರಿಗಿದ್ದ ಪ್ರೀತಿ ಕಂಪನಿ ಕ್ಯಾಸೆಟ್ಟಿನಿಂದ ಬಂದದ್ದಲ್ಲ. ಬರೆಸಿದ ಕ್ಯಾಸೆಟ್ಟಿನಿಂದ. ಗಿರಾಕಿ ತನಗೆ ಬೇಕಾದ ಹಾಡುಗಳನ್ನು ಚೀಟಿಯಲ್ಲಿ ಬರೆದು ತರುತ್ತಾನೆ, ಜತೆಗೆ ಖಾಲಿ ಕ್ಯಾಸೆಟ್ಟಿನ ದುಡ್ಡು. ಎರಡು ದಿನ ಬಿಟ್ಟು ಬಾ ಅನ್ನುತ್ತಾನೆ ಅಣ್ಣ. ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಹನ್ನೆರಡು ಹದಿಮೂರು ಹಾಡು ಹಿಡಿಯುತ್ತವೆ. ಒಂದು ಕಡೆಗೆ ಅರ್ಧ ಗಂಟೆ. ಕೊನೆಯ ಹಾಡು ನಡುವೆ ಕತ್ತರಿಸಿಹೋದರೆ ಗಿರಾಕಿ ಬೈಯುತ್ತಾನೆ, ತುಂಬ ಜಾಗ ಉಳಿದರೂ ಬೈಯುತ್ತಾನೆ. ಅದಕ್ಕೇ ಅಣ್ಣ ಹಾಡಿನ ನಿಮಿಷಗಳನ್ನು ಚೀಟಿಯ ಬದಿಯಲ್ಲಿ ಕೂಡಿಸುತ್ತ, ಚಿಕ್ಕ ಹಾಡನ್ನು ಕೊನೆಗಿಟ್ಟು, ಸಾಲು ಬದಲಿಸುತ್ತಿದ್ದ. ಚೀಟಿಯಲ್ಲಿ ಇಲ್ಲದ ಒಂದು ಹಾಡು ಕೆಲವೊಮ್ಮೆ ಸೇರಿಕೊಂಡಿರುತ್ತಿತ್ತು. ಜಾಗ ಉಳಿದಿತ್ತು, ಹಾಕಿದೆ, ಕೇಳಿ ನೋಡು ಅನ್ನುತ್ತಿದ್ದ. ಕಾಳಿಂಗರಾಯರನ್ನು, ಪಿ.ಬಿ. ಶ್ರೀನಿವಾಸ್‌ರನ್ನು ಎಷ್ಟೋ ಹುಡುಗರು ಮೊದಲು ಕೇಳಿದ್ದು ಹೀಗೆ ಉಳಿದ ಜಾಗದಲ್ಲಿ. ಕೊನೆಗೆ ಕ್ಯಾಸೆಟ್ಟಿನ ಬೆನ್ನಿನ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನು ಸ್ಕ್ರೂಡ್ರೈವರಿನಿಂದ ಮುರಿದು ಕೊಡುತ್ತಿದ್ದ, ಮನೆಯಲ್ಲಿ ಯಾರಾದರೂ ಕೆಂಪು ಬಟನ್ ಒತ್ತಿ ಹಾಡು ಅಳಿಸಿಬಿಡಬಾರದೆಂದು.

ತೊಂಬತ್ತು ನಿಮಿಷದ ಕ್ಯಾಸೆಟ್ ಕೇಳಿದರೆ ಮುಖ ಗಂಟಿಕ್ಕುತ್ತಿದ್ದ. ಅರವತ್ತರ ಟೇಪು ಸುಮಾರು ಹದಿನೆಂಟು ಮೈಕ್ರಾನ್ ದಪ್ಪ. ತೊಂಬತ್ತರದ್ದು ಹನ್ನೆರಡರ ಆಸುಪಾಸು. ಅದೇ ಡಬ್ಬಿಯಲ್ಲಿ ಉದ್ದನೆಯ ಟೇಪು ಹಿಡಿಸಬೇಕಾದರೆ ತೆಳ್ಳಗೆ ಮಾಡಲೇಬೇಕಲ್ಲ. ಲಾರಿಯ ಬಿಸಿಲಿಗೆ, ಧೂಳಿಗೆ, ಜಂಪಿಗೆ ಈ ತೆಳು ಟೇಪು ರೋಲರಿಗೆ ಸುತ್ತಿಕೊಂಡು ಕರುಳು ಹೊರಬಂದಂತೆ ಬರುತ್ತಿತ್ತು. "ದುಡ್ಡು ಉಳಿಸೋಕೆ ಹೋಗಿ ಹಾಡು ಕಳ್ಕೋಬೇಡ, ಎರಡು ಅರವತ್ತೇ ತಗೋ" ಅನ್ನುವುದು ಡ್ರೈವರುಗಳಿಗೆ ಅವನು ಹೇಳುತ್ತಿದ್ದ ಮಾತು. ಎರಡು ಕ್ಯಾಸೆಟ್ ಮಾರುವ ಉಪಾಯವೂ ಅದರಲ್ಲಿ ಇಲ್ಲದಿರಲಿಲ್ಲ.

ಸಿಕ್ಕಿಕೊಂಡ ಟೇಪನ್ನು ಬಿಡಿಸಿಕೊಡುವುದು ಪುಕ್ಕಟೆ. ನಜ್ಜುಗುಜ್ಜಾದ ತುಂಡನ್ನು ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ, ಎರಡು ತುದಿ ಸೇರಿಸಿ, ಹಿಂಭಾಗಕ್ಕೆ ಕೂದಲೆಳೆಯಷ್ಟು ಸೆಲ್ಲೋಟೇಪು. ನಂತರ ಬಾಲ್‌ಪೆನ್ನನ್ನು ಗಾಲಿಯ ತೂತಿಗೆ ತುರುಕಿ ನಿಧಾನವಾಗಿ ಸುತ್ತುವುದು. ಟೇಪು ಸೆಕೆಂಡಿಗೆ ಓಡುವುದು 4.76 ಸೆಂಟಿಮೀಟರ್. ಎರಡು ಬೆರಳಗಲ ಕತ್ತರಿಸಿದರೆ ಒಂದು ಪದ ಹೋಯಿತೆಂದೇ ಲೆಕ್ಕ. ಆ ಕ್ಯಾಸೆಟ್ಟನ್ನು ಕೇಳಿ ಕೇಳಿ ಬೆಳೆದ ಮಕ್ಕಳು ಶಾಲೆಯ ವಾರ್ಷಿಕೋತ್ಸವದಲ್ಲಿ ಆ ಪದ ಬಿಟ್ಟೇ ಹಾಡುತ್ತಿದ್ದರು.

ಬರೆಸಿಕೊಡುವುದು ಕಾನೂನಿನ ಪ್ರಕಾರ ಕಳ್ಳತನವೇ, ಮುಚ್ಚಿಡುವುದೇನಿಲ್ಲ. 1984ರ ತಿದ್ದುಪಡಿಯಲ್ಲಿ ಕಾಪಿರೈಟ್ ಕಾಯಿದೆಯ ಶಿಕ್ಷೆ ಜಾಸ್ತಿಯಾಯಿತು, ಕಂಪನಿಯ ಕಡೆಯವರು ಪೊಲೀಸರ ಜತೆ ಬಂದು ಡಬಲ್ ಡೆಕ್ ಎತ್ತಿಕೊಂಡು ಹೋಗುವ ಭಯ ಅಣ್ಣನಿಗೆ ಯಾವಾಗಲೂ ಇತ್ತು. ಗುರುತು ಇಲ್ಲದವರು ಚೀಟಿ ತಂದರೆ "ಇಲ್ಲ ಸಾರ್, ಇಲ್ಲಿ ಮಾಡಲ್ಲ" ಅನ್ನುತ್ತಿದ್ದ. ಹಾಡು ಕಟ್ಟಿದವರಿಗೆ, ಹಾಡಿದವರಿಗೆ ನಷ್ಟವಾದದ್ದು ನಿಜ. ಒಂದು ಮನೆಯ ತಾಯಿಗೆ ಬೇಕಾದ ಮಾದೇಶ್ವರನ ಹಾಡು, ಮಗನಿಗೆ ಬೇಕಾದ ಶಂಕರ್‌ನಾಗ್ ಹಾಡು ಒಂದೇ ಕ್ಯಾಸೆಟ್ಟಿನಲ್ಲಿ ಯಾವ ಕಂಪನಿಯೂ ತರಲಿಲ್ಲ ಅನ್ನುವುದೂ ನಿಜ.

2006 ಈ ಅಂಗಡಿಗಳಿಗೆ ವಿಚಿತ್ರ ವರ್ಷ. ಏಪ್ರಿಲ್ 12ರಂದು ರಾಜ್‌ಕುಮಾರ್ ತೀರಿಕೊಂಡರು. ರಸ್ತೆ ಪೂರ್ತಿ ಬಂದ್, ಕಲ್ಲು, ಬೆಂಕಿ. ಸಮಾಧಿ ಆದದ್ದು ಇದೇ ದಿಕ್ಕಿನ ಕಂಠೀರವ ಸ್ಟುಡಿಯೋದಲ್ಲಿ. ಬಾಗಿಲು ತೆಗೆದ ಮೇಲೆ ಕಪಾಟಿನ ಆ ಸಾಲು ಎಷ್ಟು ತಂದು ತುಂಬಿಸಿದರೂ ಖಾಲಿ. ವರ್ಷದ ಕೊನೆಗೆ, ಡಿಸೆಂಬರ್ 29ಕ್ಕೆ, 'ಮುಂಗಾರು ಮಳೆ'. ಮನೋಮೂರ್ತಿಯವರ ಆ ಹಾಡುಗಳು ಆಟೋ, ಕಾಲೇಜು, ಗಾರ್ಮೆಂಟ್ಸ್ ಬಸ್ಸು ಎಲ್ಲ ಕಡೆ. ಆದರೆ ಅಷ್ಟೊತ್ತಿಗೆ ಒಂದೇ ಎಂಪಿತ್ರಿ ಸೀಡಿಯಲ್ಲಿ ನೂರು ಹಾಡು ಫುಟ್‌ಪಾತಿನಲ್ಲೇ ಸಿಗುತ್ತಿತ್ತು. ಊರೆಲ್ಲ ಹಾಡುತ್ತಿತ್ತು, ಅಣ್ಣನ ಗಲ್ಲಾಪೆಟ್ಟಿಗೆ ತುಂಬಲಿಲ್ಲ.

ಕೆಲವರು ಬೇಗ ಎಚ್ಚೆತ್ತರು. ಇವತ್ತು ಮೊಬೈಲ್ ಮಳಿಗೆಗಳಿಂದ ಹೆಸರಾಗಿರುವ ಸಂಗೀತಾ ಬೆಂಗಳೂರಿನಲ್ಲಿ 1974ರಲ್ಲಿ ಶುರುವಾದದ್ದು ಗ್ರಾಮಫೋನ್ ರೆಕಾರ್ಡಿನ ಅಂಗಡಿಯಾಗಿ. ಹೆಸರಿನಲ್ಲಿ ಮಾತ್ರ ಹಳೆಯ ಕಸುಬು ಉಳಿದಿದೆ. ತುಮಕೂರು ರಸ್ತೆಯ ಅಣ್ಣಂದಿರಿಗೆ ಅಷ್ಟು ಬಂಡವಾಳವೆಲ್ಲಿ? ಕೆಲವರು ಕಾಯಿನ್ ಬೂತು, ಜೆರಾಕ್ಸು ಸೇರಿಸಿಕೊಂಡರು. ಕೆಲವರು ಹಳೇ ಕಂಪ್ಯೂಟರ್ ಇಟ್ಟು ಮೆಮೊರಿ ಕಾರ್ಡಿಗೆ ಹಾಡು ತುಂಬತೊಡಗಿದರು. ಚೀಟಿಯ ಕಾಲ ಮುಗಿದಿತ್ತು. "ಎರಡು ಜೀಬಿ ಫುಲ್ ಮಾಡ್ರಿ, ಯಾವುದಾದ್ರೂ ಹಾಕ್ರಿ" ಅನ್ನುವ ಗಿರಾಕಿಗೆ ಯಾವ ಹಾಡು ಕೊನೆಗಿಡಬೇಕೆಂದು ಕೂಡಿಸಿ ಕಳೆಯುವ ಅಗತ್ಯವೇನಿದೆ? ಅಣ್ಣ ಫೋಲ್ಡರನ್ನೇ ಎತ್ತಿ ಹಾಕುತ್ತಿದ್ದ.

ಈ ಫೋಲ್ಡರುಗಳ ಹೆಸರು ನೋಡಿದರೂ ಊರು ಬದಲಾದದ್ದು ತಿಳಿಯುತ್ತಿತ್ತು. ರಾಜ್ ಹಿಟ್ಸ್, ಜಾನಪದ, ತೆಲುಗು ಇದ್ದಲ್ಲಿ ಭೋಜಪುರಿ, ಒಡಿಯಾ, ಬಂಗಾಳಿ, ಅಸ್ಸಾಮಿ ಸೇರಿಕೊಂಡವು. ಮಾದಾವರದ ಹತ್ತಿರ 2007ರಲ್ಲಿ ವಸ್ತುಪ್ರದರ್ಶನ ಕೇಂದ್ರ ಬಂತು. 2010ರಲ್ಲಿ ಪೀಣ್ಯದಿಂದ ಮೇಲ್ಸೇತುವೆ ಆಯಿತು, ದೂರದ ಬಸ್ಸುಗಳು ತಲೆಯ ಮೇಲೇ ಹೊರಟುಹೋದವು. ದಾಸನಪುರಕ್ಕೆ ಎಪಿಎಂಸಿ, ಸುತ್ತ ಕಬ್ಬಿಣದ, ಕೊರಿಯರಿನ ಗೋಡೌನುಗಳು. ಅಲ್ಲಿ ಮೂಟೆ ಹೊರುವವರ, ಲೋಡಿಂಗ್ ಹುಡುಗರ ಭಾಷೆ ಅಣ್ಣನಿಗೆ ಬರುತ್ತಿರಲಿಲ್ಲ; ಮೊಬೈಲಿನ ತೆರೆಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದರು, ಇವನು ಹುಡುಕಿ ಹಾಕುತ್ತಿದ್ದ. 'ಅದಾವ ಬರ್ರಿ' ಎಂದು ಕಲಿತ ಮನುಷ್ಯ ಇವರಿಂದಲೂ ನಾಲ್ಕು ಮಾತು ಕಲಿಯುತ್ತಿದ್ದನೇನೋ, 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಾರದೇ ಇದ್ದಿದ್ದರೆ. ಡೇಟಾ ಪುಕ್ಕಟೆಯಾದ ಮೇಲೆ ಹಾಡಿಗಾಗಿ ಅಂಗಡಿಯ ಮೆಟ್ಟಿಲು ಹತ್ತುವವರೇ ಇಲ್ಲವಾದರು.

ಮಾದನಾಯಕನಹಳ್ಳಿ ಈಗ ನಗರಸಭೆ. 2024ರ ನವೆಂಬರಿನಲ್ಲಿ ಮೆಟ್ರೋ ಮಾದಾವರದವರೆಗೆ ಬಂದು ಪಕ್ಕದಲ್ಲೇ ನಿಂತಿದೆ, ಬಾಡಿಗೆ ಏರುತ್ತಿದೆ. ಕ್ಯಾಸೆಟ್ ಅಂಗಡಿಗಳಿದ್ದ ಮಳಿಗೆಗಳಲ್ಲಿ ಬಿರಿಯಾನಿ, ಮೊಬೈಲ್ ಕವರ್, ಪಿಜಿಗೆ ಬೇಕಾದ ಬಕೆಟ್ಟು ಚಾಪೆ. ಉಳಿದ ಕ್ಯಾಸೆಟ್ಟುಗಳನ್ನು ಗುಜರಿಯವರು ತೂಕಕ್ಕೆ ತೆಗೆದುಕೊಂಡರು. ಅವರಿಗೆ ಬೇಕಾದದ್ದು ಡಬ್ಬಿಯ ಪ್ಲಾಸ್ಟಿಕ್ಕು, ಟೇಪಿಗೆ ಬೆಲೆಯಿಲ್ಲ. ಲಾರಿ ನಿಲ್ಲುವ ಕಡೆ ಮಾತ್ರ ಒಂದೆರಡು ಗಾಡಿಗಳಲ್ಲಿ ಹಾಡು ತುಂಬಿದ ಪೆನ್‌ಡ್ರೈವ್ ಈಗಲೂ ಮಾರುತ್ತಾರೆ. ಶಿರಾ ದಾಟಿದ ಮೇಲೆ ಸಿಗ್ನಲ್ ಸರಿಯಾಗಿ ಸಿಗಲ್ಲ ಸಾರ್, ಅನ್ನುತ್ತಾರೆ ಡ್ರೈವರುಗಳು. ರಾತ್ರಿ ಪೂರ್ತಿ ಓಡಿಸುವವರಿಗೆ ನಡುವೆ ನಿಲ್ಲದ ಹಾಡು ಬೇಕು.